ಇಂಗ್ಲಿಷ್ ರುಚಿವಾಚಕಗಳು ಮತ್ತು ಅವುಗಳ ಕನ್ನಡ ಸಮಾನಪದಗಳು

ಆಹಾರದ ರುಚಿ, ಗಂಧ ಹಾಗೂ ಬಾಯಿಯಲ್ಲಿ ಅದು ಉಂಟುಮಾಡುವ ಸ್ಪರ್ಶಾನುಭವಗಳನ್ನು ಸೂಚಿಸುವ ಪದಗಳನ್ನು ರುಚಿವಾಚಕಗಳು ಎನ್ನಬಹುದು. ಇಂಗ್ಲಿಷಿನ ಸ್ವೀಟ್, ಸವರ್, ಸಾಲ್ಟಿ, ಬಿಟರ್ ಎಂಬ ನಾಲ್ಕು ಮೂಲಪದಗಳಿಗೆ ಕನ್ನಡದಲ್ಲಿ ಕ್ರಮವಾಗಿ ಸಿಹಿ, ಹುಳಿ, ಉಪ್ಪು, ಕಹಿ ಎಂಬ ಪದಗಳಿವೆ. ಇವನ್ನು ದಾಟಿದೊಡನೆ ಎರಡು ಭಾಷೆಗಳ ಪದಸಂಪತ್ತು ಒಂದಕ್ಕೊಂದು ಸರಿಹೊಂದುವುದಿಲ್ಲ. ಪಾಕಪುಸ್ತಕಗಳ ಅನುವಾದದಲ್ಲಿಯೂ ಪೊಟ್ಟಣಗಳ ಮೇಲಿನ ಬರಹದಲ್ಲಿಯೂ ಕಾಣುವ ತಪ್ಪುಗಳಿಗೆ ಇದೇ ಮುಖ್ಯ ಕಾರಣ. ಈ ಲೇಖನದಲ್ಲಿ ಶಿವಮೊಗ್ಗ ಜಿಲ್ಲೆ ಮತ್ತು ಸುತ್ತಲಿನ ಮಲೆನಾಡಿನ ಬಳಕೆಗೆ ಹೆಚ್ಚು ಗಮನ ಕೊಡಲಾಗಿದೆ.

ಮೂಲರುಚಿಗಳು

ಆಯುರ್ವೇದವು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸಗಳನ್ನು ಹೇಳುತ್ತದೆ. ಕನ್ನಡದಲ್ಲಿ ಇವು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಹುಳಿ, ಉಪ್ಪು, ಕಹಿಗಳು ಅಚ್ಚ ದ್ರಾವಿಡ ಪದಗಳು. ಹಳಗನ್ನಡದ ‘ಪುಳಿ’ ತಮಿಳು, ತುಳುಗಳಲ್ಲಿ ಇಂದಿಗೂ ಉಳಿದಿದೆ. ಕಟು ಎಂಬುದನ್ನು ಕಹಿ ಎಂದು ತಿಳಿಯುವ ರೂಢಿಯುಂಟು, ಅದು ಸರಿಯಲ್ಲ. ಸಂಸ್ಕೃತದಲ್ಲಿ ಕಟು ಎಂದರೆ ಖಾರ, ಕಹಿಗೆ ಇರುವ ಪದ ತಿಕ್ತ. ಕಟುವಿನಿಂದ ಬಂದ ಹಿಂದಿಯ ‘ಕಡ್ವಾ’ ಪದ ಕಹಿಯನ್ನು ಸೂಚಿಸುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ.

ಪಾಶ್ಚಾತ್ಯ ವಿಜ್ಞಾನವು ಖಾರವನ್ನೂ ಒಗರನ್ನೂ ಮೂಲರುಚಿಗಳಲ್ಲಿ ಸೇರಿಸುವುದಿಲ್ಲ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ ಗುರುತಿಸಿದ ‘ಉಮಾಮಿ’ ಐದನೆಯ ರುಚಿಯಾಗಿ ಮನ್ನಣೆ ಪಡೆದಿದೆ. ಇದಕ್ಕೆ ಇಂಗ್ಲಿಷಿನಂತೆ ಕನ್ನಡವೂ ಜಪಾನಿ ಪದವನ್ನೇ ಬಳಸುತ್ತಿದೆ.

ನೇರವಾಗಿ ಹೊಂದುವಂತೆ ಕಾಣುವ ಸಿಹಿ ಕೂಡ ಸ್ವೀಟ್‌ಗಿಂತ ವಿಶಾಲವಾದ ಪದ. ಉಪ್ಪಿಲ್ಲದ, ಕುಡಿಯಲು ಯೋಗ್ಯವಾದ ನೀರು ಕನ್ನಡದಲ್ಲಿ ‘ಸಿಹಿನೀರು’; ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ‘ಫ್ರೆಶ್ ವಾಟರ್’, ಅಂದರೆ ತಾಜಾ ನೀರು. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಹೊಗಳುವುದು ಈ ಸಿಹಿಯನ್ನೇ. ಶಿವಮೊಗ್ಗದ ಹೆಸರು ‘ಸಿಹಿ ಮೊಗೆ’ಯಿಂದ ಬಂದಿತೆಂಬ ಐತಿಹ್ಯವೂ ಇದೆ: ದೂರ್ವಾಸ ಮುನಿಯ ಆಶ್ರಮದಲ್ಲಿದ್ದ ಮೊಗೆಯೊಳಗಿನ ಪಾನೀಯವನ್ನು ಸವಿದ ದನಗಾಹಿಗಳು ಹಾಗೆ ಕರೆದರಂತೆ. ‘ಶಿವಮುಖ’ ಎಂಬ ಬೇರೊಂದು ನಿಷ್ಪತ್ತಿಯೂ ಪ್ರಚಲಿತವಾಗಿದೆ.

ಖಾರ

ಸಂಸ್ಕೃತದ ‘ಕ್ಷಾರ’ ಪ್ರಾಕೃತದ ಮೂಲಕ ಖಾರವಾಗಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಹಾಟ್, ಸ್ಪೈಸಿ, ಪಂಜೆಂಟ್ ಎಂಬ ಮೂರು ಪದಗಳಿದ್ದರೂ ಒಂದೂ ಸರಿಯಾಗಿ ಹೊಂದದು. ಹಾಟ್ ಎಂದರೆ ಬಿಸಿಯೂ ಹೌದು, ಖಾರವೂ ಹೌದು. ಕನ್ನಡದಲ್ಲಿ ಬಿಸಿಸಾರು ಬೇರೆ, ಖಾರದ ಸಾರು ಬೇರೆ. ಸ್ಪೈಸಿ ಎಂಬುದನ್ನು ‘ಮಸಾಲೆಯುಕ್ತ’ ಎಂದು ಅನುವಾದಿಸುವವರಿದ್ದಾರೆ. ಏಲಕ್ಕಿ, ಲವಂಗ, ಚಕ್ಕೆ ಹಾಕಿದ ಪದಾರ್ಥ ಮಸಾಲೆಯುಕ್ತವಾಗಿದ್ದೂ ಖಾರವಾಗಿರದಿರಬಹುದು. ಪಂಜೆಂಟ್ ವಾಸನೆಗೂ ಸಲ್ಲುತ್ತದೆ. ಒಣಮೆಣಸಿನಕಾಯಿ ಹುರಿಯುವಾಗ ಮೂಗಿಗೆ ಅಡರುವ ಆ ವಾಸನೆಗೆ ಕನ್ನಡದಲ್ಲಿ ‘ಘಾಟು’ ಎಂಬ ಪ್ರತ್ಯೇಕ ಪದವೇ ಇದೆ. ಮಿಕ್ಸ್ಚರ್, ಖಾರಾಬೂಂದಿ ಮೊದಲಾದ ಕುರುಕಲು ತಿಂಡಿಗೂ ‘ಖಾರ’ ಎಂದೇ ಹೆಸರು. ಇಲ್ಲಿ ಸಮಾನಪದ ಸೇವರಿ.

ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು. ಅದಕ್ಕೂ ಮೊದಲು ಕನ್ನಡಿಗರ ಖಾರವೆಂದರೆ ಮುಖ್ಯವಾಗಿ ಕಾಳುಮೆಣಸು, ಶುಂಠಿ, ಹಿಪ್ಪಲಿ, ಸಾಸಿವೆಗಳದು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಇಡಲಾಯಿತು. ಖಾರವು ನಾಲಗೆಯ ರುಚಿಮೊಗ್ಗುಗಳ ವಿಷಯವಲ್ಲ, ಉರಿಯನ್ನು ಗ್ರಹಿಸುವ ನರಗಳ ವಿಷಯ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ನಿಗೆ ಸ್ಪಂದಿಸುವ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ಗ್ರಾಹಕ ಸುಡುವ ಶಾಖಕ್ಕೂ ಸ್ಪಂದಿಸುವುದರಿಂದ ಇಂಗ್ಲಿಷಿನ ಹಾಟ್ ತೀರ ಅಸಂಬದ್ಧವೇನೂ ಅಲ್ಲ.

ಒಗರು

ಅಡಿಕೆಯ ನಾಡಾದ ಶಿವಮೊಗ್ಗದಲ್ಲಿ ಮಕ್ಕಳಿಗೂ ತಿಳಿದಿರುವ ಪದವಿದು. ಇಂಗ್ಲಿಷಿನ ಅಸ್ಟ್ರಿಂಜೆಂಟ್ ಪುಸ್ತಕದ ಭಾಷೆಗೆ ಸೇರಿದ್ದು. ಊಟಕ್ಕೆ ಕುಳಿತ ಇಂಗ್ಲಿಷರು ಆಡುವ ಮಾತಲ್ಲ. ಬಾಳೆಕಾಯಿ, ನೇರಳೆ, ನೆಲ್ಲಿ, ಗೇರುಹಣ್ಣುಗಳಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿ ನಾಲಗೆಯನ್ನು ಒಣಗಿಸಿ ಬಿಗಿಯುವಂತೆ ಮಾಡುವುದೇ ಒಗರು. ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ನೆನೆಹಾಕುವುದು ಈ ಒಗರನ್ನು ತೆಗೆಯುವುದಕ್ಕಾಗಿ. ಎಳೆಯ ಅಡಿಕೆಯನ್ನು ಬೇಯಿಸಿದಾಗ ನೀರಿಗಿಳಿಯುವ ಕೆಂಪು ರಸವನ್ನು ಬೆಳೆಗಾರರು ‘ಚೊಗರು’ ಎನ್ನುತ್ತಾರೆ. ಒಣಅಡಿಕೆಗೆ ಬಣ್ಣ ಕಟ್ಟಲು ಅದು ಬೇಕಾಗುತ್ತದೆ. ಚೊಗರು ಎಂಬುದಕ್ಕೆ ಒಗರು ಎಂಬ ಅರ್ಥವೂ ಉಂಟು.

ಒಗರಿಗೆ ಹತ್ತಿರವಾದರೂ ಬೇರೆಯಾದುದು ‘ಕನರು’. ಬಲಿಯದ ಕಾಯಿಯ ಅಹಿತವಾದ ರುಚಿವಾಸನೆಗಳನ್ನು ಒಟ್ಟಿಗೆ ಹೇಳುವ ಈ ಪದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದವಿಲ್ಲ. ಬಾಯಿ ಜುಮ್ಮೆನ್ನಿಸುವ ಗುಣದಿಂದಲೇ ಹೆಸರು ಪಡೆದದ್ದು ಜುಮ್ಮನಕಾಯಿ. ಕೆಸುವಿನ ಎಲೆಯ ‘ತುರಿಕೆ’ಯೂ ರುಚಿಯಲ್ಲ, ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲಿಗೆ ಚುಚ್ಚುವುದರಿಂದ ಆಗುವಂಥದು. ಪತ್ರೊಡೆಗೆ ಹುಳಿಯನ್ನು ಧಾರಾಳವಾಗಿ ಹಾಕುವುದು ಇದರ ಪರಿಹಾರಕ್ಕೆ.

ಫ್ಲೇವರ್ ಮತ್ತು ಸೊಗಡು

ರುಚಿ ಮತ್ತು ಗಂಧ ಕೂಡಿದ ಅನುಭವವೇ ಫ್ಲೇವರ್. ನಿಘಂಟುಗಳಲ್ಲಿ ರುಚಿ, ಸ್ವಾದ, ಪರಿಮಳ ಎಂಬ ಅರ್ಥಗಳು ದೊರೆಯುತ್ತವೆ. ಆದರೆ ಅವರೆಕಾಯಿಯ ವಿಷಯದಲ್ಲಿ ಬಳಸುವ ‘ಸೊಗಡು’ ಇದಕ್ಕೆ ಹೆಚ್ಚು ಸಮೀಪದ್ದು. ಅಪ್ಪೆಮಿಡಿಯ ಸೊಗಡು ಅದರ ಸೊನೆಯಲ್ಲಿದೆ. ಅದರ ಒಂದು ತಳಿಗೆ ಜೀರಿಗೆಯ ಪರಿಮಳದಿಂದಾಗಿ ಜೀರಿಗೆಮಿಡಿ ಎಂದೇ ಹೆಸರು. ವಾಟೆಹುಳಿ, ಮುರುಗಲು, ಉಪ್ಪಾಗೆ, ಹುಣಿಸೆಗಳ ಹುಳಿಯನ್ನು ಮಲೆನಾಡಿನ ಅಡಿಗೆಯವರು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಸವರ್ ಎಂಬ ಒಂದೇ ಪದಕ್ಕೆ ಇವು ದಕ್ಕುವುದಿಲ್ಲ.

ಕೆಟ್ಟ ವಾಸನೆಗಳ ವಿಷಯದಲ್ಲಿ ಕನ್ನಡ ಇನ್ನೂ ನಿಖರ. ಹಳೆಯ ಎಣ್ಣೆ, ಕೊಬ್ಬರಿಗಳದು ಕಮಟು. ಇದಕ್ಕೆ ರ‍್ಯಾನ್ಸಿಡ್ ಸರಿಹೊಂದುತ್ತದೆ. ಮಳೆಗಾಲದ ಹಿಟ್ಟಿನದು ಮುಗ್ಗಲು, ನಿನ್ನೆಯ ಅನ್ನದ್ದು ಹಳಸಲು, ತಳಹಿಡಿದ ಹಾಲಿನದು ಸೀದ ವಾಸನೆ, ಬೇಯದ ಹಿಟ್ಟಿನದು ಹಸಿವಾಸನೆ.

ಗ್ರಂಥಗಳಲ್ಲಿ

1508ರ ಸುಮಾರಿಗೆ ರಚಿತವಾದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಪಾಕಪದಗಳಿಗೆ ಮುಖ್ಯ ಆಕರ. ಕೆಳದಿಯ ಬಸವರಾಜನ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರದ ಭಾಗವಿದೆ, ಅದೇ ಕೆಳದಿ ವಂಶದ ಶಿವಪ್ಪನಾಯಕನ ಹೆಸರಿನ ಅರಮನೆ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿದೆ. ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಕೊಡುವ ಕಾರ್ಯದಲ್ಲಿ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟೆಲ್ಲರ ನಿಘಂಟು ಇಂದಿಗೂ ಆಧಾರ.

ಇತ್ತೀಚೆಗೆ ‘ಗರಿಗರಿ’ಯ ಸ್ಥಾನದಲ್ಲಿ ಕ್ರಿಸ್ಪಿ, ‘ಖಾರ’ದ ಸ್ಥಾನದಲ್ಲಿ ಸ್ಪೈಸಿ ನಗರಗಳ ಮಾತಿನಲ್ಲಿ ಕೇಳಿಬರುತ್ತಿವೆ. ಉಪ್ಪು, ಹುಳಿ, ಖಾರಗಳ ಪ್ರಮಾಣವನ್ನೂ ಬೆಂದ ಸ್ಥಿತಿಯನ್ನೂ ಒಟ್ಟಿಗೆ ಹೇಳುವ ‘ಹದ’ಕ್ಕೆ ಮಾತ್ರ ಅಂತಹ ಬದಲಿ ಪದ ಬಂದಿಲ್ಲ.