ಆಟದ ಗೋಡೆಯ ಮೇಲೆ ಓಡುವ ಚಿತ್ರ

ವಿದ್ಯಾರ್ಥಿಗಳೇ, ಕಂಪ್ಯೂಟರ್ ಆಟದ ಕೋಣೆಯೊಂದರಲ್ಲಿ ಟಿ.ವಿ. ಇದೆ, ಅದರಲ್ಲಿ ಚಿತ್ರ ಓಡುತ್ತಿದೆ ಎಂದುಕೊಳ್ಳಿ. ನೀವು ಪಕ್ಕಕ್ಕೆ ಸರಿದರೆ ತೆರೆ ಓರೆಯಾಗಿ ಕಾಣುತ್ತದೆ. ಚಿತ್ರ ಮಾತ್ರ ನಿಲ್ಲುವುದಿಲ್ಲ. ಇದು ಹೇಗೆ?

1993ರ ‘ದಿ ಸೆವೆಂತ್ ಗೆಸ್ಟ್’ ಆಟದಲ್ಲಿ ವಿಡಿಯೊ ಧಾರಾಳವಾಗಿತ್ತು. ಆದರೆ ಮನೆಯೂ ನಡಿಗೆಯೂ ಮೊದಲೇ ಚಿತ್ರಿಸಿಟ್ಟವು, ಮನಬಂದತ್ತ ಅಡ್ಡಾಡುವಂತಿರಲಿಲ್ಲ. ಅದರ ನಿರ್ಮಾಪಕರಲ್ಲೊಬ್ಬರಾದ ಗ್ರೇಮ್ ಡಿವೈನ್, 1995ರ ‘ದಿ ಇಲೆವೆಂತ್ ಅವರ್’ ಆಟಕ್ಕಾಗಿ ‘ರೋಕ್’ ಎಂಬ ವಿಡಿಯೊ ಕಡತದ ಮಾದರಿಯನ್ನು ರೂಪಿಸಿದರು. ಮುಂದೆ ಅವರು ಇಡ್ ಸಾಫ್ಟ್‌ವೇರ್ ಸಂಸ್ಥೆಯನ್ನು ಸೇರಿದರು. 1999ರ ‘ಕ್ವೇಕ್ 3’ ಆಟದಲ್ಲಿ ರೋಕ್ ಚಿತ್ರವನ್ನು ಗೋಡೆಗೇ ಬಟ್ಟೆಯಂತೆ ಹೊದಿಸಲು ಅವಕಾಶವಾಯಿತು.

ಕೆಲಸ ಸುಲಭದ್ದಲ್ಲ, ಲೆಕ್ಕ ಹಾಕಿ ನೋಡಿ. 256 ಚುಕ್ಕೆ ಅಗಲ, ಅಷ್ಟೇ ಎತ್ತರದ ಚಿತ್ರದಲ್ಲಿ 65,536 ಚುಕ್ಕೆಗಳು. ಸೆಕೆಂಡಿಗೆ 30 ಚಿತ್ರಗಳೆಂದರೆ ಸುಮಾರು 19.66 ಲಕ್ಷ ಚುಕ್ಕೆ! ಕಂಪ್ಯೂಟರಿಗೆ ಅದೇ ಹೊತ್ತಿನಲ್ಲಿ ಆಟದ ಶತ್ರುಗಳನ್ನೂ ಓಡಿಸಬೇಕು. ರೋಕ್‌ನ ಜಾಣತನ ಇಲ್ಲಿದೆ: ನಾಲ್ಕು ಚುಕ್ಕೆಗಳ ಪುಟ್ಟ ಬಿಲ್ಲೆಗಳನ್ನು ಆರಿಸಿಟ್ಟುಕೊಂಡು, ನೆಲಕ್ಕೆ ಹೆಂಚು ಹಾಸಿದಂತೆ ಚಿತ್ರವನ್ನು ಜೋಡಿಸುತ್ತದೆ. ಬಿಚ್ಚುವಾಗ ಗಣಿತ ಕಡಿಮೆ, ಎತ್ತಿಡುವುದೇ ಹೆಚ್ಚು.

2004ರ ‘ಹಾಫ್-ಲೈಫ್ 2’ ಬೇರೆ ದಾರಿ ಹಿಡಿಯಿತು. ಊರಿನ ತೆರೆಗಳಲ್ಲಿ ಭಾಷಣ ಮಾಡುವ ಡಾ. ಬ್ರೀನ್ ವಿಡಿಯೊ ಕಡತವೇ ಅಲ್ಲ. ಆಟಗಾರ ತಲುಪಲಾಗದ ಗುಪ್ತ ಕೋಣೆಯಲ್ಲಿ ಆ ಪಾತ್ರ ನಿಂತು ಮಾತಾಡುತ್ತದೆ. ಕಾಲ್ಪನಿಕ ಕ್ಯಾಮರಾ ಅದನ್ನು ತೆರೆಗೆ ತರುತ್ತದೆ. ಟಿ.ವಿ. ನೋಡುವ ನಿಮಗೆ ಈ ಭೇದ ಗೊತ್ತೇ ಇದೆ: ಮೊದಲನೆಯದು ಧ್ವನಿಚಿತ್ರ ಮುದ್ರಣ, ಎರಡನೆಯದು ನೇರ ಪ್ರಸಾರ. ಕಡತ ಬೇಕಿಲ್ಲ, ನಿಜ. ಆದರೆ ಕಂಪ್ಯೂಟರ್ ಇನ್ನೊಂದು ಕೋಣೆಯನ್ನೂ ಪ್ರತಿ ಕ್ಷಣ ಚಿತ್ರಿಸಲೇಬೇಕು.