ಹಿಮದ ದಾರಿಯ ಗೇರುಗಳು

ಅಮೆರಿಕದ ಬಫಲೋ ನಗರದಲ್ಲಿ ಹನ್ನೆರಡು ಚಳಿಗಾಲ ನಾನು ಓಡಿಸಿದ್ದು ಆಡಿ ಎಸ್-4 ಎಂಬ ಕಾರನ್ನು. ನೋಡುವುದಕ್ಕೆ ನಾಲ್ಕು ಬಾಗಿಲಿನ, ಸಂಸಾರಸ್ಥರ ಕಾರು. ಡಿಕ್ಕಿಯಲ್ಲಿ ಎರಡು ವಾರದ ದಿನಸಿ ಹಿಡಿಸುತ್ತಿತ್ತು. ಬಾನೆಟ್ಟಿನ ಕೆಳಗೆ ಮಾತ್ರ ಎರಡು ಟರ್ಬೊ ಇರುವ 2.7 ಲೀಟರಿನ ಎಂಜಿನ್, 250 ಕುದುರೆಶಕ್ತಿ! ಇಂಥದ್ದನ್ನು ಸ್ಪೋರ್ಟ್ಸ್ ಸೆಡಾನ್ ಎನ್ನುತ್ತಾರೆ. 2003ರಲ್ಲಿ ನಮ್ಮವರು ಆಸೆಪಟ್ಟು ಸೆಕೆಂಡ್‌ಹ್ಯಾಂಡ್ ಕೊಂಡರು. ಬೇಸಿಗೆಯಲ್ಲಿ ಅದನ್ನು ಓಡಿಸುವ ಸುಖ ಅವರದು. ನವೆಂಬರಿನಿಂದ ಮಾರ್ಚ್‌ವರೆಗೆ ಕೀ ನನ್ನ ಕೈಯಲ್ಲಿ. ಹಿಮ ಜೋರಾದ ದಿನ ಅವರು ಆಫೀಸಿಗೆ ಫೋನು ಮಾಡಿ ಮನೆಯಲ್ಲೇ ಉಳಿಯಬಹುದಿತ್ತು. ನನ್ನದು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಹಿಮ ಬಿತ್ತೆಂದು ರಕ್ತಪರೀಕ್ಷೆ ನಿಲ್ಲುತ್ತದೆಯೇ?

ಬಫಲೋದ ಹಿಮ ಸಾಮಾನ್ಯದ್ದಲ್ಲ. ಊರಿನ ಪಕ್ಕದಲ್ಲೇ ಈರಿ ಸರೋವರ. ಚಳಿಗಾಲದ ಆರಂಭದಲ್ಲಿ ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಕೊರೆಯುವ ಗಾಳಿ ಹಾದು ಬರುತ್ತದೆ, ತೇವವನ್ನೆಲ್ಲ ಹೀರಿಕೊಂಡು ದಡ ಮುಟ್ಟಿದ್ದೇ ಹಿಮವಾಗಿ ಸುರಿಯುತ್ತದೆ. ಅದೂ ಪಟ್ಟಿ ಪಟ್ಟಿಯಾಗಿ. 2014ರ ನವೆಂಬರಿನಲ್ಲಿ ಊರಿನ ದಕ್ಷಿಣಕ್ಕೆ 5 ಅಡಿಗೂ ಮೀರಿ ಹಿಮ ಬಿದ್ದಾಗ, ಉತ್ತರದವರು ಕೆಲವೇ ಅಂಗುಲದ ಹಿಮವನ್ನು ಪೊರಕೆಯಲ್ಲಿ ಗುಡಿಸಿದ್ದರು. 1977ರ ಜನವರಿಯ ಕಥೆ ಇನ್ನೂ ವಿಚಿತ್ರ. ಸರೋವರ ಆಗಲೇ ಹೆಪ್ಪುಗಟ್ಟಿತ್ತು, ಅದರ ಮೇಲೆ ವಾರಗಟ್ಟಲೆ ಬಿದ್ದ ಹಿಮ ಮೈದಾನದಂತೆ ಹರಡಿತ್ತು. 28ನೇ ತಾರೀಖು ಎದ್ದ ಬಿರುಗಾಳಿ ಅದನ್ನೆಲ್ಲ ಎತ್ತಿ ಊರೊಳಗೆ ಸುರಿಯಿತು. ಕಾರಿನೊಳಗೆ ಸಿಕ್ಕಿಕೊಂಡು ಅಲ್ಲಿಯೇ ಪ್ರಾಣ ಬಿಟ್ಟವರಿದ್ದರು. ಅದಕ್ಕೇ ಅಲ್ಲಿನವರ ಡಿಕ್ಕಿಯಲ್ಲಿ ಒಂದು ಕಂಬಳಿ, ಒಂದು ಸಲಿಕೆ ಸದಾ ಇರುತ್ತವೆ.

ಇಂಥ ಊರಿನಲ್ಲಿ 250 ಕುದುರೆಗಳಿಂದ ಏನು ಪ್ರಯೋಜನ? ಹಿಮದ ಮೇಲೆ ನಿಜಕ್ಕೂ ಅವು ತೊಂದರೆಯೇ. ಟರ್ಬೊ ಎಂಜಿನ್ನಿನ ಸ್ವಭಾವ ನೋಡಿ, ಕಾಲು ಒತ್ತಿದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹಠಾತ್ತನೆ ನುಗ್ಗುತ್ತದೆ. ಒಣ ರಸ್ತೆಯಲ್ಲಿ ಅದೇ ಮೋಜು. ಹಿಮದ ಮೇಲೆ ಚಕ್ರ ನಿಂತಲ್ಲೇ ತಿರುಗಿ ನೆಲವನ್ನು ಕನ್ನಡಿ ಮಾಡುತ್ತದೆ. ನಾನು ಎರಡನೇ ಗೇರಿನಲ್ಲೇ ಹೊರಡುತ್ತಿದ್ದೆ, ಮಲಗಿದ ಮಗುವಿನ ಪಕ್ಕದಿಂದ ಏಳುವಷ್ಟು ಮೆಲ್ಲಗೆ ಕ್ಲಚ್ಚು ಬಿಡುತ್ತಿದ್ದೆ. ತಿರುವಿನಲ್ಲಿ ಹೆದರಿ ಕಾಲನ್ನು ಫಕ್ಕನೆ ತೆಗೆದರೂ ಅಪಾಯ, ಭಾರವೆಲ್ಲ ಮುಂದಕ್ಕೆ ಬಾಗಿ ಹಿಂಭಾಗ ಜಾರಿಬಿಡುತ್ತದೆ. ಸೇತುವೆಗಳ ಮೇಲೆ ಇನ್ನೂ ಎಚ್ಚರ ಬೇಕು. ಕೆಳಗಿನಿಂದಲೂ ಚಳಿಗಾಳಿ ಬಡಿಯುವುದರಿಂದ ಬೇರೆಲ್ಲ ಕಡೆಗಿಂತ ಮೊದಲು ಮಂಜುಗಟ್ಟುವುದು ಅಲ್ಲೇ, ಅದೂ ಕಣ್ಣಿಗೆ ಕಾಣದ ತೆಳು ಪೊರೆಯಾಗಿ.

ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ತುಂಬಿದ ಕೊಡ ಹೊತ್ತು ನಡೆದವಳಿಗೆ ಈ ವಿದ್ಯೆ ಪೂರ್ತಿ ಹೊಸದಲ್ಲ. ಹೆಜ್ಜೆ ಚಿಕ್ಕದಿರಬೇಕು, ಪಾದ ಚಪ್ಪಟೆಯಾಗಿ ಊರಬೇಕು, ತಿರುಗುವಾಗ ಆತುರ ಕೂಡದು. ಹೆಚ್ಚು ಜಾರುವ ಕಡೆ ಅಮ್ಮ ಅಡಿಕೆಯ ಸೋಗೆ ಹಾಸುತ್ತಿದ್ದಳು. ಕಾರಿಗೆ ಚಳಿಗಾಲದ ಟೈರು ಎಂದರೆ ಆ ಸೋಗೆಯೇ. ಸಾಮಾನ್ಯ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ, ಚಳಿಗಾಲದ್ದು ಮೆತ್ತಗೇ ಉಳಿದು ನೆಲ ಹಿಡಿಯುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಕಾರು ಹೊರಡುವಾಗ, ಏರು ಹತ್ತುವಾಗ ಎಲ್ಲರನ್ನೂ ಹಿಂದೆ ಹಾಕುತ್ತದೆ ನಿಜ. ನಿಲ್ಲಿಸುವಾಗ ಅದಕ್ಕೆ ಯಾವ ವಿಶೇಷವೂ ಇಲ್ಲ, ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದಲ್ಲ! ದುಬಾರಿ ಕಾರುಗಳು ರಸ್ತೆ ಬಿಟ್ಟು ಚರಂಡಿಯಲ್ಲಿ ಮುಖ ಹುದುಗಿಸಿ ನಿಂತದ್ದನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತಿತ್ತು.

ಆ ಕಾರಿನ ಪೂರ್ವಾಪರ ಓದತೊಡಗಿದ್ದು ಒಂದು ಪುಟ್ಟ ಸಿಟ್ಟಿನಿಂದ. ಕ್ಲಚ್ಚು ಹಾಳಾಗಿ ಗ್ಯಾರೇಜಿಗೆ ಹೋದಾಗ ಅಲ್ಲಿನವನು ನನ್ನ ಪ್ರಶ್ನೆಗಳಿಗೆಲ್ಲ ನಮ್ಮವರ ಮುಖ ನೋಡಿ ಉತ್ತರ ಕೊಡುತ್ತಿದ್ದ. ಚಳಿಗಾಲದಲ್ಲಿ ಓಡಿಸುವವಳು ನಾನು ಎಂದರೆ, “ಈ ಕಾರು ಬಿಡಿ, ತನ್ನಷ್ಟಕ್ಕೆ ತಾನೇ ಓಡುತ್ತದೆ” ಎಂದ. ಓಡಿಸುವವನು ಗಂಡಸಾದರೆ ಕೈಚಳಕ, ಹೆಂಗಸಾದರೆ ಕಾರಿನ ಗುಣ!

ಓದಿದಂತೆ ಗೊತ್ತಾದದ್ದು ಇದು. 1976-77ರ ಚಳಿಗಾಲದಲ್ಲಿ ಜರ್ಮನಿಯ ಎಂಜಿನಿಯರುಗಳು ಫಿನ್ಲೆಂಡಿನ ಹಿಮದಲ್ಲಿ ಕಾರುಗಳನ್ನು ಪರೀಕ್ಷಿಸುತ್ತಿದ್ದರು. ಜೊತೆಗೆ ಇಲ್ಟಿಸ್ ಎಂಬ ಸೈನ್ಯದ ಜೀಪಿನಂಥ ಗಾಡಿಯೂ ಇತ್ತು. 75 ಕುದುರೆಶಕ್ತಿಯ ಆ ಬಡಪಾಯಿ ಗಾಡಿ ತನಗಿಂತ ಬಲಶಾಲಿ ಕಾರುಗಳನ್ನು ಹಿಮದಲ್ಲಿ ಸೋಲಿಸುತ್ತಿತ್ತು. ನಾಲ್ಕೂ ಚಕ್ರ ಎಳೆಯುವುದೇ ಅದರ ಗುಟ್ಟು. ಹಾಗಾದರೆ ವೇಗದ ಕಾರಿಗೇ ಇದನ್ನು ಯಾಕೆ ಜೋಡಿಸಬಾರದು ಎಂದು ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರ್ ಮೇಲಿನವರ ಬೆನ್ನು ಹತ್ತಿದ. 1978ರ ಜನವರಿಯಲ್ಲಿ ಅವರ ಮಾದರಿ ಕಾರು ಆಸ್ಟ್ರಿಯಾದ ಟುರಾಖ್ ಎಂಬ ಕಡಿದಾದ ಘಟ್ಟವನ್ನು ಬೇಸಿಗೆಯ ಟೈರಿನಲ್ಲೇ, ಸರಪಳಿ ಸುತ್ತದೆ ಹತ್ತಿತು.

ಆಮೇಲೆ ನಡೆದ ಒಂದು ಸಂಗತಿ ನನಗೆ ಬಹಳ ಪ್ರಿಯ. ಫೋಕ್ಸ್‌ವ್ಯಾಗನ್ನಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಅರ್ನ್‌ಸ್ಟ್ ಫಿಯಾಲಾ ಆ ಕಾರನ್ನು ವಿಯೆನ್ನಾಕ್ಕೆ ಕೊಂಡೊಯ್ದರಂತೆ. ಅವರ ಹೆಂಡತಿ ಅದರಲ್ಲಿ ಅಂಗಡಿಗೆ ಹೋಗಿ ಬಂದು, ನಿಲ್ಲಿಸಲು ತಿರುಗಿಸಿದರೆ ಈ ಕಾರು ಕುಪ್ಪಳಿಸುತ್ತದೆ ಎಂದು ದೂರಿದರಂತೆ. ಕಣದಲ್ಲಿ ಒಕ್ಕಣೆಗೆ ಮೇಟಿಗೆ ಕಟ್ಟಿದ ಎತ್ತುಗಳನ್ನು ನೋಡಿದ್ದೀರಲ್ಲ? ಹೊರಗಿನ ಎತ್ತು ಹೆಚ್ಚು ನಡೆಯಬೇಕು, ಒಳಗಿನದು ಕಡಿಮೆ. ತಿರುವಿನಲ್ಲಿ ಕಾರಿನ ಮುಂದಿನ ಚಕ್ರಗಳೂ ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಬಿಗಿಯಾಗಿ ಒಂದಕ್ಕೊಂದು ಬಿಗಿದರೆ ಟೈರು ಹೊರಳಾಡಿ ಹಾರುತ್ತದೆ. ಘಟ್ಟ ಹತ್ತಿಸಿದವರಿಗೆ ಬೇಕಾಗದ ಈ ವಿಚಾರ ತರಕಾರಿ ತರಲು ಹೋದವರಿಗೆ ಒಂದೇ ದಿನದಲ್ಲಿ ತಿಳಿಯಿತು. ಫಿಯಾಲಾ ಪಟ್ಟು ಹಿಡಿದರು, ಮಧ್ಯದಲ್ಲಿ ಡಿಫರೆನ್ಷಿಯಲ್ ಎಂಬ ಹೆಚ್ಚಿನ ಗೇರುಪೆಟ್ಟಿಗೆ ಬಂತು. 1980ರಲ್ಲಿ ಜಿನೀವಾದ ಮೇಳದಲ್ಲಿ ‘ಕ್ವಾಟ್ರೊ’ ಹೆಸರಿನಿಂದ ಕಾರು ಲೋಕಕ್ಕೆ ಕಾಣಿಸಿತು. ಆ ಮಹಿಳೆಯ ಹೆಸರನ್ನು ಬಹಳ ಕಡೆ ‘ಫಿಯಾಲಾರ ಪತ್ನಿ’ ಎಂದಷ್ಟೇ ಕೊಡುತ್ತಾರೆ.

ಡಿಫರೆನ್ಷಿಯಲ್ಲಿಗೂ ಒಂದು ಚಾಳಿ ಇದೆ. ಒಂದು ಕಡೆ ಮಂಜಿನ ಮೇಲೆ ಜಾರಿದರೆ ಎಂಜಿನ್ನಿನ ಶ್ರಮವೆಲ್ಲ ಅಲ್ಲೇ ಪೋಲಾಗುತ್ತದೆ. ಮೊದಮೊದಲು ಅದನ್ನು ತಡೆಯಲು ಓಡಿಸುವವರೇ ಬೀಗ ಹಾಕಬೇಕಿತ್ತು. 80ರ ದಶಕದ ನಡುವೆ ಟಾರ್ಸನ್ ಎಂಬ ಗೇರುಗಳ ಜೋಡಣೆ ಬಂತು. ಯಾವ ಕಡೆ ಹಿಡಿತವಿದೆಯೋ ಅತ್ತಲೇ ಅದು ಬಲವನ್ನು ತಾನಾಗಿ ಹೊರಳಿಸುತ್ತದೆ. ಇದನ್ನು ರೂಪಿಸಿದವನು ವರ್ನನ್ ಗ್ಲೀಸ್ಮನ್, ಬೆಳೆಸಿ ಮಾರಿದ್ದು ಗ್ಲೀಸನ್ ಎಂಬ ಗೇರು ಯಂತ್ರಗಳ ಕಂಪನಿ. ಹೆಸರು ಹೋಲುತ್ತವೆ, ಆದರೆ ಬೇರೆ ಬೇರೆ. ಆ ಕಂಪನಿ ಇರುವ ಊರು ರೋಚೆಸ್ಟರ್, ನಮ್ಮ ಬಫಲೋದಿಂದ ಕಾರಿನಲ್ಲಿ ಒಂದೂಕಾಲು ಗಂಟೆಯ ದಾರಿ! ಜರ್ಮನಿಯ ಕಾರಿನ ಹೊಟ್ಟೆಯೊಳಗಿನ ಉಪಾಯ ಪಕ್ಕದೂರಿನದು.

ಇಲ್ಲಿ ಕೇಟ್ ಗ್ಲೀಸನ್ ಸಿಕ್ಕಿದಳು. ಕಂಪನಿ ಕಟ್ಟಿದ ವಿಲಿಯಂ ಗ್ಲೀಸನ್‌ರ ಮಗಳು, ಹುಟ್ಟಿದ್ದು 1865ರಲ್ಲಿ. ಅಣ್ಣ ತೀರಿಕೊಂಡ ಮೇಲೆ ಹುಡುಗಿಯಾಗಿದ್ದಾಗಲೇ ಅಪ್ಪನ ವರ್ಕ್‌ಶಾಪಿನ ಲೆಕ್ಕಪತ್ರ ಹಿಡಿದಳು. 1884ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದ ಮೊದಲ ಹೆಂಗಸು. ಅಪ್ಪನ ವ್ಯಾಪಾರ ಕುಸಿದು, ಆಕೆಯ ಜಾಗಕ್ಕೆ ಸಂಬಳ ಕೊಟ್ಟು ಆಳನ್ನಿಡಲಾಗದೆ, ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ನಮ್ಮ ಕಡೆಯೂ ಇಂಥ ಎಷ್ಟು ಹುಡುಗಿಯರಿಲ್ಲ? ಕೇಟ್ ಮಾತ್ರ ವರ್ಕ್‌ಶಾಪಿನಲ್ಲೇ ಕಲಿತಳು, ಊರೂರು ತಿರುಗಿ ಯಂತ್ರ ಮಾರಿದಳು, 1893ರಲ್ಲಿ ಯೂರೋಪಿಗೂ ಹೋದಳು. ತಿರುಗುವ ಬಲವನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೊರಳಿಸುವ, ಓರೆ ಹಲ್ಲಿನ ಬೆವೆಲ್ ಗೇರನ್ನು ಕೊರೆಯುವುದು ಆ ಯಂತ್ರದ ಕೆಲಸ. ಕಾರುಗಳ ಕಾಲ ಬಂದಾಗ ಅಂಥ ಗೇರಿಗೆ ಎಲ್ಲಿಲ್ಲದ ಬೇಡಿಕೆ ಬಂತು. 1914ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಆಕೆಯನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು. ಅಲ್ಲಿಯವರೆಗೆ ಆ ಗೌರವ ಯಾವ ಹೆಂಗಸಿಗೂ ಸಿಕ್ಕಿರಲಿಲ್ಲ.

ತಮಾಷೆಯೆಂದರೆ ಲೋಕ ಆ ಯಂತ್ರವನ್ನೇ ಕೇಟ್ ಕಂಡುಹಿಡಿದಳೆಂದು ಹೊಗಳಿತು. ಹೆನ್ರಿ ಫೋರ್ಡ್ ಕೂಡ ಹಾಗೆಯೇ ಹೇಳಿದ್ದನಂತೆ. ಅದು ತನ್ನದಲ್ಲ, ಅಪ್ಪನದು ಎಂದು ಆಕೆ ತಿದ್ದಿದಳು. ತನ್ನದಲ್ಲದ ಹಿರಿಮೆಯನ್ನು ಹೀಗೆ ಹಿಂದಿರುಗಿಸಿದವರು ಗಂಡಸರಲ್ಲೂ ಕಡಿಮೆ.

ತನ್ನದೇ ಆದ ಹಿರಿಮೆಗೆ ಹೋರಾಡಬೇಕಾದವಳು ಮಿಷೆಲ್ ಮೂಟಾನ್. ಅತ್ತರಿಗೆ ಹೆಸರಾದ ಫ್ರಾನ್ಸಿನ ಗ್ರಾಸ್ ಊರಿನಲ್ಲಿ 1951ರಲ್ಲಿ ಹುಟ್ಟಿದವಳು. ರ‍್ಯಾಲಿಗೆ ಮೊದಲ ಕಾರು ಕೊಡಿಸಿದ್ದು ಅಪ್ಪ, ಒಂದು ವರ್ಷದಲ್ಲಿ ಏನಾದರೂ ಮಾಡಿ ತೋರಿಸು ಎಂಬ ಕರಾರಿನ ಮೇಲೆ. 1981ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಹಿಮದಲ್ಲಿ ಕ್ವಾಟ್ರೊಗೆ ವಿಶ್ವ ರ‍್ಯಾಲಿಯ ಮೊದಲ ಗೆಲುವು ತಂದವನು ಫಿನ್ಲೆಂಡಿನ ಹನ್ನು ಮಿಕ್ಕೋಲ. ಅದೇ ಅಕ್ಟೋಬರಿನಲ್ಲಿ ಇಟಲಿಯ ಸಾನ್‌ರೆಮೊದಲ್ಲಿ ಮಿಷೆಲ್ ಗೆದ್ದಳು. ಪಕ್ಕದಲ್ಲಿ ನಕ್ಷೆ ಓದುತ್ತಿದ್ದವಳೂ ಹೆಂಗಸೇ, ಇಟಲಿಯ ಫ್ಯಾಬ್ರಿಜಿಯಾ ಪೋನ್ಸ್. ವಿಶ್ವ ರ‍್ಯಾಲಿಯ ಒಂದು ಸುತ್ತನ್ನು ಹೆಂಗಸು ಗೆದ್ದದ್ದು ಅದೇ ಮೊದಲು. ಮಾರನೆಯ ವರ್ಷ ಪೋರ್ಚುಗಲ್, ಗ್ರೀಸ್, ಬ್ರೆಜಿಲ್, ಹೀಗೆ ಮೂರು ಗೆಲುವು.

ಆಗ ಎದ್ದ ಮಾತು ನಮ್ಮ ಗ್ಯಾರೇಜಿನವನ ಮಾತೇ: ಗೆದ್ದದ್ದು ಕಾರು, ಅವಳಲ್ಲ. ಅಂಕಪಟ್ಟಿಯನ್ನು ನೋಡಿ. 1982ರ ಕೊನೆಗೆ ಮೊದಲ ಸ್ಥಾನ ವಾಲ್ಟರ್ ರೋರ್ಲ್‌ನದು, ಹಿಂದಿನ ಎರಡೇ ಚಕ್ರ ಎಳೆಯುವ ಓಪೆಲ್ ಕಾರಿನಲ್ಲಿ! ಕಾರೇ ಎಲ್ಲವೂ ಆಗಿದ್ದರೆ ಅವನು ಗೆಲ್ಲುವಂತಿರಲಿಲ್ಲ. ಎರಡನೆಯವಳು ಮಿಷೆಲ್. ಅವಳದೇ ಕ್ವಾಟ್ರೊ ಓಡಿಸಿದ, ಹಿಮದ ನಾಡಿನ ಮಿಕ್ಕೋಲ ಮೂರನೆಯವನು.

ಆ ವರ್ಷದ ಐವರಿ ಕೋಸ್ಟ್ ರ‍್ಯಾಲಿ ಹೊರಡುವ ಹೊತ್ತಿಗೆ ಆಕೆಯ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡ ಸುದ್ದಿ ಬಂತು. ಪಟ್ಟ ಕೈಗೆಟಕುವ ದೂರದಲ್ಲಿತ್ತು. ನೀನು ಓಡಿಸಬೇಕೆಂಬುದೇ ಅವರ ಆಸೆಯಾಗಿತ್ತು ಎಂದು ಅಮ್ಮ ಹೇಳಿದ ಮೇಲೆ ಆಕೆ ಕಾರು ಹತ್ತಿದಳು. ಬಹಳ ದೂರ ಎಲ್ಲರಿಗಿಂತ ಮುಂದಿದ್ದಳು. ಕಾರು ಕೆಟ್ಟು ಹೊತ್ತು ಹೋಯಿತು, ಆಮೇಲೆ ಅಪಘಾತವಾಗಿ ಅಲ್ಲಿಗೇ ಮುಗಿಯಿತು. ಹಗ್ಗ ಹರಿಯುವಷ್ಟು ಎಳೆದ ಆ ದಿನಗಳಲ್ಲಿ ಕಾರು ತನ್ನಷ್ಟಕ್ಕೆ ತಾನೇ ಓಡುತ್ತಿತ್ತು ಎನ್ನುವ ನಾಲಿಗೆ ಎಂಥದ್ದೋ.

ನಮ್ಮ ಎಸ್-4ಅನ್ನು 2015ರಲ್ಲಿ ಮಾರಿದೆವು. ಎಂಜಿನ್ ಗಟ್ಟಿಯಾಗಿಯೇ ಇತ್ತು. ಮಂಜು ಕರಗಿಸಲು ರಸ್ತೆಗೆ ಎರಚುವ ಉಪ್ಪು ಹನ್ನೆರಡು ವರ್ಷದಲ್ಲಿ ಅಡಿಭಾಗವನ್ನು ತಿಂದು ಹಾಕಿತ್ತು. ಕೊಳ್ಳಲು ಬಂದ ಹುಡುಗ ಬಗ್ಗಿ ತುಕ್ಕನ್ನೆಲ್ಲ ನೋಡಿ, ಚಳಿಗಾಲದ ಟೈರು ಜೊತೆಗೆ ಕೊಡುತ್ತೀರಾ ಎಂದು ಕೇಳಿದ. ಕೊಟ್ಟೆ. ಕಂಬಳಿಯನ್ನೂ ಸಲಿಕೆಯನ್ನೂ ಇಟ್ಟುಕೊಂಡೆ.