ಕಂಪನಿ ಬಟ್ಟೆ, ಸ್ವಂತ ಬಟ್ಟೆ: ಕೋರಮಂಡಲ್ ಟ್ರಂಕಿನ ಇತಿಹಾಸ

'ಕ್ಯಾಪ್ಸೂಲ್ ವಾರ್ಡ್‌ರೋಬ್' ಅನ್ನೋ ಮಾತು ಈಗ ನಮ್ಮ ಆಫೀಸಿನ ಕ್ಯಾಂಟೀನಿಗೂ ಬಂದಿದೆ. ಕಡಿಮೆ ಬಟ್ಟೆ ಇಟ್ಕೊಳ್ಳಿ, ಒಂದಕ್ಕೊಂದು ಹೊಂದೋ ಹಾಗಿರಲಿ, ಎಲ್ಲ ಕಡೆಗೂ ಅವನ್ನೇ ತಿರುಗಿಸಿ ಮುರುಗಿಸಿ ಹಾಕ್ಕೊಳ್ಳಿ... ಇಷ್ಟೇ ತತ್ವ. ಇದಕ್ಕೆ ಹೆಸರು ತಂದುಕೊಟ್ಟವರು 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೂಸಿ ಫಾಕ್ಸ್ ಅಂತಾರೆ. 1985ರಲ್ಲಿ ನ್ಯೂಯಾರ್ಕಿನ ಡೊನ್ನಾ ಕರಾನ್ ಏಳೇ ಏಳು ಉಡುಪುಗಳ ಲೆಕ್ಕ ಹೇಳಿ ಇದನ್ನು ಜನಪ್ರಿಯ ಮಾಡಿದರು. ಇರಲಿ. ನಮ್ಮ ಕೋರಮಂಡಲ್ಲಿನ ಲೈನ್ ಮನೆಗಳಲ್ಲಿ ಇದೇ ಕೆಲಸವನ್ನು ಒಂದು ತಗಡಿನ ಟ್ರಂಕು ಅದಕ್ಕೂ ಎಷ್ಟೋ ಮೊದಲಿಂದ ಮಾಡ್ತಾ ಇತ್ತು. ಅದಕ್ಕೆ ಹೆಸರಿಡೋಕೆ ಯಾರೂ ಬರಲಿಲ್ಲ ಅಷ್ಟೆ :)

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕೋರಮಂಡಲ್ ಅನ್ನೋದು ಕೆಜಿಎಫ್‌ನ ಒಂದು ಭಾಗ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ರೈಲು ದಾರಿಯಲ್ಲಿ ಸಿಗೋ ಪುಟ್ಟ ಸ್ಟೇಷನ್. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಇಳಿಯಿತು. 1894ರಲ್ಲಿ ಆ ರೈಲು ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು.

ಅವರು ಗಣಿಗೆ ಇಳಿಯುವಾಗ ಏನು ಹಾಕ್ಕೊಳ್ತಿದ್ದರು? ಹಳೇ ಫೋಟೋ ನೋಡಿ. ಸೊಂಟಕ್ಕೊಂದು ತುಂಡು ಬಟ್ಟೆ, ತಲೆಗೊಂದು ಸುತ್ತು, ಅಷ್ಟೇ. ಕೆಳಗೆ ಹೋದಷ್ಟೂ ಬಂಡೆ ಕಾದಿರುತ್ತೆ. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು, ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಹೆಲ್ಮೆಟ್ಟು, ಬೂಟು, ಸೊಂಟಕ್ಕೆ ಬ್ಯಾಟರಿ, ಇವೆಲ್ಲ ಆಮೇಲೆ ಬಂದವು. ಮೇಲೆ ಬಂದರೆ ಚಿನ್ನ ಕದ್ದಿದ್ದಾರಾ ಅಂತ ಮೈ ತಪಾಸಣೆ ಬೇರೆ. ಅಂದರೆ ಕೆಲಸದ ಹೊತ್ತಿನಲ್ಲಿ ಮೈಮೇಲಿನ ಬಟ್ಟೆಯೂ ಪೂರ್ತಿ ತನ್ನದಲ್ಲ.

ಅದಕ್ಕೇ ಟ್ರಂಕಿನೊಳಗಿನ ಎರಡನೇ ಜೊತೆಗೆ ಅಷ್ಟು ಬೆಲೆ.

ಆ ಬೆಲೆ ಎಷ್ಟು ಅಂತ ತಿಳಿಯೋಕೆ 1930ನೇ ಇಸವಿ ನೋಡಬೇಕು. ಆ ವರ್ಷ ಕೆಜಿಎಫ್ ಕಾರ್ಮಿಕರು ಬೆರಳಚ್ಚು ನೋಂದಣಿ ವಿರೋಧಿಸಿ ದೊಡ್ಡ ಮುಷ್ಕರ ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ತಮಿಳು ಸೀಮೆಯ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಗಂಡಸರ ಪಂಚೆ ಮಂಡಿಗಿಂತ ಕೆಳಗೆ ಇಳಿಯಕೂಡದು. ಕೋಟು, ಶರ್ಟು, ಬನಿಯನ್ ಹಾಕಕೂಡದು. ಹೆಂಗಸರು ರವಿಕೆ ತೊಡಕೂಡದು. ಚಪ್ಪಲಿ, ಕೊಡೆ ಬೇಡ. ಜೆ.ಎಚ್. ಹಟ್ಟನ್ ಜಾತಿ ಬಗ್ಗೆ ಬರೆದ ಪುಸ್ತಕದಲ್ಲಿ ಇದೆಲ್ಲ ದಾಖಲಾಗಿದೆ. ಅಲ್ಲಿ ಒಂದು ಶರ್ಟು ಹಾಕಿದರೆ ಏಟು ಬೀಳುತ್ತಿದ್ದ ಕಾಲ; ಇಲ್ಲಿ ಕೂಲಿ ಕಾಸು ಕೈಗೆ ಬಂದ ಮನುಷ್ಯ ಅದೇ ಶರ್ಟನ್ನು ಹೊಲಿಸಿ ಹಾಕ್ಕೊಂಡು ಬಜಾರಿಗೆ ಹೋಗಬಹುದಿತ್ತು. ಗಣಿ ಸ್ವರ್ಗವೇನಲ್ಲ, ಆದರೆ ಊರ ಗೌಡನ ಕಣ್ಣು ಅಲ್ಲಿ ಇರಲಿಲ್ಲ.

ಅದೇ ಲೈನುಗಳಲ್ಲಿ ಓದು, ಸಭೆಗಳೂ ಬೆಳೆದವು. ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. 1954ರಲ್ಲಿ ಅಂಬೇಡ್ಕರ್ ಕೆಜಿಎಫ್‌ಗೆ ಬಂದಿದ್ದರು. ಅವರ ಸೂಟು ಬೂಟಿನ ಅರ್ಥವನ್ನು ಇಲ್ಲಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ ಅಂತ ನನ್ನ ಅನಿಸಿಕೆ.

ನಮ್ಮ ತಾತ ಟೈಲರ್. ಗಣಿಯವರೇ ಅವರ ಗಿರಾಕಿಗಳು. ಅವರು ಹೇಳ್ತಿದ್ದ ಲೆಕ್ಕ ಇವತ್ತಿನ ಯಾವ ಫ್ಯಾಷನ್ ಪತ್ರಿಕೆಗೂ ಕಮ್ಮಿಯಿಲ್ಲ. ಪ್ಯಾಂಟು ಹೊಲಿಯುವಾಗ ಸೊಂಟದಲ್ಲಿ, ಕಾಲ ಅಂಚಲ್ಲಿ ಬಟ್ಟೆ ಒಳಗೆ ಬಿಟ್ಟಿರಬೇಕು. ಅಪ್ಪ ದಪ್ಪ ಆದರೂ ಆಯ್ತು, ಮಗ ಉದ್ದ ಆದರೂ ಆಯ್ತು. ಕಾಲರ್ ಸವೆದರೆ ಬಿಚ್ಚಿ ತಿರುಗಿಸಿ ಹೊಲಿದರೆ ಇನ್ನೆರಡು ವರ್ಷ. ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬದ ಧೂಳು ಒಣಗಹಾಕಿದ ಬಟ್ಟೆ ಮೇಲೆಲ್ಲ ಕೂರುತ್ತೆ, ಆದ್ದರಿಂದ ದಿನಬಳಕೆಗೆ ಬೂದು, ಕಾಕಿ; ಬಿಳೀದು ಹಬ್ಬಕ್ಕೆ, ಮದುವೆಗೆ, ಸಾವಿಗೆ. ಟೆರಿಕಾಟ್ ಬಂದಾಗ ಜನ ಮುಗಿಬಿದ್ದರಂತೆ. ಸೆಕೆ ನಿಜ, ಆದರೆ ರಾತ್ರಿ ಒಗೆದರೆ ಬೆಳಗ್ಗೆ ಒಣಗಿರುತ್ತೆ, ಇಸ್ತ್ರಿ ಖರ್ಚಿಲ್ಲ. ಒಂದೇ ಕೋಣೆ ಮನೆಗೆ, ಎರಡೇ ಜೊತೆ ಇದ್ದವನಿಗೆ ಇದಕ್ಕಿಂತ ಇನ್ನೇನು ಬೇಕು?

ಅಂದಹಾಗೆ, ಜೀನ್ಸ್ ಹುಟ್ಟಿದ್ದೂ ಇಂಥದೇ ಸೀಮೆಯಲ್ಲಿ. ಜೇಕಬ್ ಡೇವಿಸ್ ಅನ್ನೋ ರೀನೊ ಊರಿನ ಟೈಲರ್, ಜೇಬು ಹರಿಯದ ಹಾಗೆ ತಾಮ್ರದ ರಿವೆಟ್ ಹೊಡೆದ. 1873ರಲ್ಲಿ ಲೆವಿ ಸ್ಟ್ರಾಸ್ ಜೊತೆ ಪೇಟೆಂಟ್ ತಗೊಂಡ. ಅಲ್ಲಿನ ಗಣಿಯವನ ಪ್ಯಾಂಟು ಲೋಕದ ಪ್ಯಾಂಟಾಯಿತು. ನಮ್ಮ ಗಣಿಯವನ ಬಟ್ಟೆ ಫೋಟೋದಲ್ಲೇ ಉಳೀತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿ, ಕೆಲಸ ಅಂತ ಹೋಗೋದೇ ಸಾವಿರಾರು ಜನರ ಬದುಕಾಯಿತು. ಆ ರೈಲಿನಲ್ಲಿ ನಾನೂ ಓಡಾಡಿದ್ದೀನಿ. ಸೆಕ್ಯೂರಿಟಿ ಗಾರ್ಡ್ ಯೂನಿಫಾರ್ಮನ್ನು ಚೀಲದಲ್ಲಿಟ್ಟುಕೊಂಡು, ಒಳ್ಳೇ ಶರ್ಟು ಹಾಕ್ಕೊಂಡು ಬರೋ ಹಿರಿಯರನ್ನು ನೋಡಿದ್ದೀನಿ. ಯೂನಿಫಾರ್ಮನ್ನ ಮನೆಯಿಂದಲೇ ಹಾಕ್ಕೊಂಡು ಬಂದರೆ ಸುಲಭ ಅಲ್ವಾ ಅಂತ ಒಬ್ಬರನ್ನ ಕೇಳಿದೆ. "ಅದು ಅವರದು ಕಣಪ್ಪ, ಇದು ನಂದು" ಅಂದರು.

ಅವರು ಹೇಳಿದ ಮೇಲೆ ನನ್ನ ಬೀರು ತೆಗೆದು ಎಣಿಸಿದೆ. ಹನ್ನೊಂದು ಟೀ ಶರ್ಟಿನಲ್ಲಿ ಏಳರ ಮೇಲೆ ಕಂಪನಿ ಹೆಸರು! ಬಿಟ್ಟಿ ಸಿಕ್ಕಿದ್ದು, ಬಜೆಟ್ಟಿಗೆ ಒಳ್ಳೇದೇ. ಆದರೆ ತಾತನ ಲೆಕ್ಕದಲ್ಲಿ ಅವು ಟ್ರಂಕಿಗೆ ಸೇರಲ್ಲ. ಈಗ ನನ್ನ ಪಟ್ಟಿ ಇಷ್ಟು: ಎರಡು ಗಾಢ ಬಣ್ಣದ ಪ್ಯಾಂಟು, ಒಂದು ಜೀನ್ಸ್, ಯಾವುದಕ್ಕಾದರೂ ಹೊಂದೋ ಐದು ಹತ್ತಿ ಶರ್ಟು, ಒಂದು ಬಿಳೀದು, ಒಂದು ಪಂಚೆ, ದುರಸ್ತಿ ಮಾಡಿಸಬಹುದಾದ ಒಂದು ಜೊತೆ ಚರ್ಮದ ಶೂ. ರೆಡಿಮೇಡ್ ಕೊಳ್ಳೋ ಮೊದಲು ಒಳಗೆ ಮಗುಚಿ ಹೊಲಿಗೆ ನೋಡ್ತೀನಿ, ಬಿಚ್ಚಿ ಅಗಲ ಮಾಡೋಕೆ ಬಟ್ಟೆ ಬಿಟ್ಟಿದ್ದಾರಾ ಅಂತ. ಹೆಚ್ಚಿನವಕ್ಕೆ ಬಿಟ್ಟಿರಲ್ಲ. ಹಾಗಾಗಿ ಮೀಟರ್ ಬಟ್ಟೆ ತಗೊಂಡು ಬಂಗಾರಪೇಟೆಯಲ್ಲಿ ಹೊಲಿಸೋದೇ ಎಷ್ಟೋ ಸಲ ಲಾಭ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಟ್ರಂಕು ಇದ್ದೇ ಇರುತ್ತೆ. ಒಂದ್ಸಲ ಇಳಿಸಿ, ಒಳಗಿನ ಬಟ್ಟೆ ಯಾರದು, ಯಾವತ್ತು ಹೊಲಿಸಿದ್ದು ಅಂತ ಅಜ್ಜಿಯನ್ನೋ ತಾತನನ್ನೋ ಕೇಳಿ. ಕೇಳೋಕೆ ಅವರಿರುವಾಗಲೇ.